ಸರಕಾರ ಕೇಳಿದ ಹೆಸರು

ನಮ್ಮ ಶಾಲೆಗೆ ಪಾಟಿ ಬೇಕಾಗಿರಲಿಲ್ಲ. ಪಡಸಾಲೆಗೆ ಹಾಸಿದ್ದ ಶಹಾಬಾದಿನ ಫರಸಿಗಳೇ ಹುಡುಗಿಯರ ಪಾಟಿಗಳು. ಒಬ್ಬೊಬ್ಬಳಿಗೆ ಒಂದೊಂದು ಕಲ್ಲು. ಬೂದು ಬಣ್ಣದ, ಕೈಯಾಡಿಸಿದರೆ ತಣ್ಣಗೆ ಜಾರುವ ಕಲ್ಲು. ಸುಣ್ಣದ ಕಡ್ಡಿಯಿಂದ ಬರೆದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ತಪ್ಪಾದರೆ ಅಂಗೈಯಿಂದ ಒರೆಸುವುದು, ಪಾಠ ಮುಗಿದ ಮೇಲೆ ನಮ್ಮತ್ತೆಯವರು ಕೊಡ ನೀರು ಸುರಿದು ಕಸಬರಿಗೆಯಿಂದ ತಳ್ಳುವುದು. ಅಂದಿನ ವಿದ್ಯೆಯೆಲ್ಲ ಮೋರಿ ಸೇರುತ್ತಿತ್ತು. "ಹೋಗ್ಲಿ ಬಿಡು, ನಾಳಿಗೆ ಮತ್ತ ಬರೀತಾವ," ಎನ್ನುತ್ತಿದ್ದರು ಅವರು. ನೀರು ಹಾಕುವುದು ಮಡಿಗಾಗಿ ಎಂದು ಹೊರಗಿನವರಿಗೆ ಹೇಳುತ್ತಿದ್ದರು. ಆದರೆ ಹಾಕುವ ಮೊದಲು ಸಾಲಿನುದ್ದಕ್ಕೂ ಬಗ್ಗಿ ಯಾರದು ದುಂಡಗಿದೆ, ಯಾರದು ಸೊಟ್ಟಗಿದೆ ಎಂದು ನೋಡುತ್ತ ಹೋಗುವುದನ್ನು ನಾನು ದಿನಾಲೂ ಕಂಡಿದ್ದೇನೆ.

ನಾನು ಹುಟ್ಟಿದ್ದು ವಿಜಾಪುರದ ಕಡೆ. ಅದು ಇಂಗ್ರಜಿ ಸೀಮೆ. ಅಲ್ಲಿ ಕನ್ನಡ ಶಾಲೆಗೆ ಹೋಗಿ, ಓದು-ಬರಹ-ಲೆಕ್ಕ ಕಲಿತು, ಆಮೇಲೆ ಮೊಗಲಾಯಿಗೆ, ಅಂದರೆ ನಿಜಾಮರ ಸೀಮೆಯ ಚಿತ್ತಾಪುರಕ್ಕೆ, ಸೊಸೆಯಾಗಿ ಬಂದೆ. ಮಾವನವರು ತಾಲೂಕು ಕಚೇರಿಯ ಕಟ್ಟೆಯ ಮೇಲೆ ಕೂತು ಮಂದಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ನಮ್ಮ ಮನೆಯವರು ವಾಡಿ ಜಂಕ್ಷನ್ನಿನಲ್ಲಿ ಟಿಕೀಟು ಗುಮಾಸ್ತರು, ರಜೆ ಸಿಕ್ಕಾಗ ಗಾಡಿ ಹತ್ತಿ ಬಂದು ಹೋಗುವವರು. ಊರಲ್ಲಿ ಸರಕಾರಿ ಶಾಲೆ ಇತ್ತು, ಅಲ್ಲಿಯ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಮಾತಾಡುವ ಹೆಣ್ಣುಮಕ್ಕಳು ಅತ್ತ ಹೋಗುತ್ತಿರಲಿಲ್ಲ, ಇತ್ತ ಹೋಗಲಿಕ್ಕೆ ಬೇರೆ ಶಾಲೆ ಇರಲಿಲ್ಲ.

ಶಾಲೆ ಮಾಡಬೇಕು ಅಂತ ಯಾರೂ ಮಾಡಲಿಲ್ಲ. ಮಧ್ಯಾಹ್ನದ ಹೊತ್ತು ಅತ್ತೆಯವರಿಗೆ ನಾನು ಪುರಾಣ ಓದಿ ಹೇಳುತ್ತಿದ್ದೆ. ಕೇಳಲಿಕ್ಕೆ ಪಕ್ಕದ ಮನೆಯ ಗೌಡ್ತಿ ಬಂದು ಕೂಡುತ್ತಿದ್ದಳು. ಹೊಲ-ಮನೆ-ದನ ಎಂದು ಬೆಳಗಿನಿಂದ ದುಡಿದವಳು ಪುರಾಣ ಶುರುವಾದ ಕೂಡಲೇ ತೂಕಡಿಸುವಳು, ಅವಳ ಮಗಳು ಮಾತ್ರ ನನ್ನ ಹೆಗಲ ಮೇಲಿನಿಂದ ಪುಸ್ತಕದೊಳಗೆ ಇಣುಕುವಳು. ಒಂದು ದಿನ ಆ ಹುಡುಗಿ ಸುಣ್ಣದ ಚೂರು ಹಿಡಿದು ಫರಸಿಯ ಮೇಲೆ, ಪುಸ್ತಕದಲ್ಲಿ ಕಂಡಂತೆ, 'ರಾಮ' ಎಂದು ಬರೆದಳು. 'ಮ'ಕ್ಕೆ ಬಾಲ ತಪ್ಪಿತ್ತು. ನಾನು ತಿದ್ದಿದೆ. ಮರುದಿನ ಅವಳು ಇನ್ನಿಬ್ಬರನ್ನು ಕರೆತಂದಳು. ಹೀಗೆ ಪಡಸಾಲೆ ತುಂಬಿತು.

ಫೀ ಇರಲಿಲ್ಲ. ಪ್ರತಿ ಮನೆಯ ಹೆಂಗಸೂ ಬೀಸಲಿಕ್ಕೆ ಕೂತಾಗ ಒಂದು ಮುಷ್ಟಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುವಳು. ಅದನ್ನು ಮಾರಿ ಪುಸ್ತಕ ತರಿಸುತ್ತಿದ್ದೆವು. ನನಗೆ ಸಂಬಳವಿರಲಿಲ್ಲ, ಆದರೆ ಸಂಬಳಕ್ಕಿಂತ ದೊಡ್ಡದು ಸಿಕ್ಕಿತ್ತು. ಬೆಳಗಿನ ಅಡುಗೆ ಮುಗಿದ ಮೇಲೆ ಒಳಮನೆಯ ಹೊಗೆಯಿಂದ ಪಡಸಾಲೆಯ ಬೆಳಕಿಗೆ ಬರುವ ಹಕ್ಕು ಸಿಕ್ಕಿತ್ತು. ಬೀದಿಯಲ್ಲಿ ಹೋಗುವವರು ನನ್ನ ದನಿ ಕೇಳುತ್ತಿದ್ದರು, ಅತ್ತೆಯವರು ಅದಕ್ಕೆ ಬೇಡ ಅನ್ನುತ್ತಿರಲಿಲ್ಲ.

ಆಗ ಒಂದು ಮುಂಜಾನೆ ಕಚೇರಿಯ ಜವಾನ ಬಂದ. ಅಪ್ಪಣೆಯಿಲ್ಲದೆ ಖಾಸಗಿ ಶಾಲೆ ನಡೆಸುವ ಹಾಗಿಲ್ಲ, ಸರಕಾರದ ಮಂಜೂರಿ ಬರುವವರೆಗೆ ನಿಲ್ಲಿಸಬೇಕು ಎಂದು ಹುಕುಂ. ಮಾವನವರು ಓದಿ ಹೇಳಿದರು. ಅತ್ತೆಯವರ ಕೈಯಲ್ಲಿ ಕಸಬರಿಗೆ ಇತ್ತು.

"ನಮ್ಮನಿ ಪಡಸಾಲ್ಯಾಗ ನಮ್ಮ ಸೊಸಿ ಕುಂದರಾಕ ಹೈದರಾಬಾದಿನ ಅಪ್ಪಣಿ ಯಾಕ ಬೇಕ್ರಿ?"

"ಕುಂದರಾಕ ಬ್ಯಾಡ. ಕಲಸಾಕ ಬೇಕು. ಮಂದಿ ಕೂಡಾಕ ಬೇಕು, ಚಂದಾ ಎತ್ತಾಕ ಬೇಕು. ಎಲ್ಲಾಕ್ಕೂ ಬೇಕು."

"ಅ ಆ ಇ ಈ ಅಂದ್ರ ಸರಕಾರಕ್ಕ ಏನಾಗತದ?"

"ಇವತ್ತ ಅ ಆ ಅಂತಾವ, ನಾಳಿಗೆ ಏನಂತಾವೋ ಅಂತ ಅವರಿಗೆ ಕಾಳಜಿ," ಎಂದು ನಕ್ಕು ಮಾವನವರು ಟೊಪ್ಪಿಗೆ ಹಾಕಿಕೊಂಡು ಕಚೇರಿಗೆ ಹೋದರು. ಜಗತ್ತಿಗೆಲ್ಲ ಅರ್ಜಿ ಬರೆದವರು ಅಂದು ಮೊದಲ ಸಲ ತಮ್ಮ ಮನೆಗಾಗಿ ಬರೆದರು.

ಅರ್ಜಿ ತಿರುಗಿ ಬಂತು. ಇಂಥ ಶಾಲೆಗೆ ಜವಾಬುದಾರಿ ಹೊರುವ ಐದು ಜನರ ಕಮಿಟಿ ಇರಬೇಕಂತೆ. ಮಾವನವರು ಊರಿನ ಐದು ಜನ ಗಂಡಸರ ಹೆಸರು ಬರೆದು ಕಳಿಸಿದರು. ಅದೂ ತಿರುಗಿ ಬಂತು. ಈ ಗೃಹಸ್ಥರು ಸಂಜೆ ಕೂಡಿ ಪತ್ರಿಕೆ ಓದುತ್ತಾರೆ, ಅಲ್ಲಿ ರಾಜಕಾರಣದ ಮಾತು ನಡೆಯುತ್ತದೆ, ಆದ್ದರಿಂದ ಒಪ್ಪಲಾಗದು ಎಂದು ಷರಾ ಇತ್ತು. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಫರಸಿಗಳ ಮೇಲೆ ಸಂಡಿಗೆ ಒಣಗುತ್ತಿದ್ದವು. ಗೌಡ್ತಿಯ ಮಗಳು ಕಟ್ಟೆಗೆ ಬಂದು, "ಅಕ್ಕಾರ, ಇವತ್ತೂ ಇಲ್ಲೇನ್ರಿ?" ಎಂದು ಕೇಳಿ, ತನ್ನ ಕಲ್ಲಿನ ಮೇಲೆ ಹರವಿದ ಸಂಡಿಗೆಯನ್ನು ಸಿಟ್ಟಿನಿಂದ ನೋಡಿ ಹೋಗುತ್ತಿದ್ದಳು. ನಾನು ಮತ್ತೆ ಒಳಮನೆಯವಳಾಗಿದ್ದೆ. ಬೆಳಗಿನ ಅಡುಗೆ ಮುಗಿದರೆ ಸಂಜೆಯ ಅಡುಗೆ.

ಉಪಾಯ ಹೊಳೆದದ್ದು ಅತ್ತೆಯವರಿಗೆ. ಊಟಕ್ಕೆ ಬಡಿಸುತ್ತ ಅಂದರು:

"ಗಂಡಸರು ಪೇಪರ ಓದತಾರಂತ ಬ್ಯಾಡಂದ್ರಲ್ಲ, ಓದಾಕಽ ಬರಲಾರದವರ ಹೆಸರು ಕೊಡ್ರಿ."

"ಯಾರದು?"

"ನಮ್ಮದು."

ಮಾವನವರು ಹಿಡಿದ ತುತ್ತನ್ನು ತಾಟಿನಲ್ಲಿಟ್ಟರು. ಆಮೇಲೆ ಭಾಳ ಹೊತ್ತು ನಕ್ಕರು. ಆದರೆ ಮರುದಿನ ಅರ್ಜಿ ಬರೆದರು. ಅತ್ತೆಯವರು ಅಧ್ಯಕ್ಷರು, ಉಳಿದವರು ಗೌಡ್ತಿ, ಅಕ್ಕಸಾಲಿಗರ ಮನೆಯಾಕೆ, ಚಿಂಚೋಳಿ ಕಡೆಯಿಂದ ಬಂದ ಕಿರಾಣಿ ಅಂಗಡಿಯಾಕೆ, ಮತ್ತು ಎದುರು ಮನೆಯ ಖಾಲಾ. ಖಾಲಾ ಎಂದರೆ ಚಿಕ್ಕಮ್ಮ. ಊರ ಮಂದಿಗೆಲ್ಲ ಆಕೆ ಖಾಲಾನೇ. ಐವರಲ್ಲಿ ಆಕೆಯೊಬ್ಬಳಿಗೆ ಉರ್ದು ಓದಲು ಬರುತ್ತಿತ್ತು, ಆದರೆ ಪತ್ರಿಕೆ ಮುಟ್ಟಿದವಳಲ್ಲ. ಅವಳ ಮಗಳು ಮುನ್ನಿ ಮನೆಯಲ್ಲಿ ಅವಳಿಂದಲೇ ಉರ್ದು ಕಲಿತು ನಮ್ಮಲ್ಲಿ ಕನ್ನಡ ಬರೆಯುತ್ತಿದ್ದಳು. ನಮ್ಮ ಮನೆಯ ಮಡಿ ಖಾಲಾಗೆ ಗೊತ್ತಿತ್ತು. ಬಾಗಿಲ ಪಕ್ಕದ ಫರಸಿಯ ಮೇಲೆ ಕೂತು ಅಲ್ಲಿಂದಲೇ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡುವಳು.

ಅಪ್ಪಣೆಯಿಲ್ಲದೆ ಸಭೆ ಕೂಡುವ ಹಾಗಿರಲಿಲ್ಲವಲ್ಲ, ಕಮಿಟಿ ಕೂಡುವುದು ಹೇಗೆ? ಶುಕ್ರವಾರ ಅರಿಷಿಣ-ಕುಂಕುಮಕ್ಕೆ ಕರೆದೆವು. ಐದೂ ಮಂದಿ ಕೂಡಿದರು. ಉಡಿಯಲ್ಲಿ ಎಲೆ-ಅಡಿಕೆ, ಖಾಲಾಗೆ ಹೂವು ಮತ್ತು ಸಕ್ಕರೆ. ಶಾಲೆಯ ಉದ್ದೇಶವೇನು, ಯಾವ ಪುಸ್ತಕ, ಯಾರು ಜವಾಬುದಾರರು ಎಂದು ಮಾವನವರು ಒಳಕೋಣೆಯಿಂದಲೇ ಹೇಳಿಕೊಡುವರು, ಇವರು ಒಪ್ಪಿಸುವರು. ಗೌಡ್ತಿಗೆ ಕಾಯದೆಯ ಮಾತು ಬಾಯಲ್ಲಿ ನಿಲ್ಲುತ್ತಿರಲಿಲ್ಲ. "ಎಮ್ಮಿ ಹೆಸರಾದ್ರ ಇಪ್ಪತ್ತು ನೆಪ್ಪಿಡತೀನ್ರಿ ರಾಯರ, ಇದು ಒಂದೂ ನಿಂದರವಲ್ತು," ಎಂದು ಹಣೆ ಬಡಿದುಕೊಳ್ಳುವಳು. ಆದರೂ ಕಲಿತಳು. ಯಾವ ಪ್ರಶ್ನೆ ಬಂದರೂ ಉತ್ತರ ತಯಾರಿತ್ತು ಎಂದು ನಾವು ತಿಳಿದಿದ್ದೆವು.

ತಪಾಸಣೆಗೆ ಬರುವವರು ಹೈದರಾಬಾದಿನ ದೊಡ್ಡ ಮನೆತನದ ಬೀಬಿ, ಹೆಣ್ಣುಮಕ್ಕಳ ಶಾಲೆಗಳ ಮೇಲ್ವಿಚಾರಕಿ ಎಂದು ತಿಳಿಯಿತು. ಅವರ ಕಿವಿಗೆ ಯಾರೋ ಮೊದಲೇ ಊದಿದ್ದರು, ಈ ಹೆಂಗಸರ ಕಮಿಟಿ ಬರೀ ಕಾಗದದ ಮೇಲೆ, ನಡೆಸುವವರು ಗಂಡಸರೇ ಎಂದು. ಆದ್ದರಿಂದ ಐವರನ್ನೂ, ಕಲಿಸುವವಳನ್ನೂ ಖುದ್ದು ವಿಚಾರಿಸಿ ಅವರವರ ಬಾಯಿಂದಲೇ ಹೇಳಿಕೆ ಬರೆಸಿಕೊಳ್ಳಬೇಕೆಂದು ಹುಕುಂ ಆಗಿತ್ತು. ಹೇಳಿಕೆ ಸರಿಬರದಿದ್ದರೆ ಶಾಲೆ ಕಾಯಂ ಬಂದ್.

ಅಂದು ನಾವು ಪಡಸಾಲೆಗೆ ಅಡ್ಡ ಜಮಖಾನೆ ಕಟ್ಟಿದೆವು. ಒಳಗೆ ಹೆಂಗಸರು, ಹುಡುಗಿಯರು. ಹೊರಗೆ ಮಾವನವರು ಮತ್ತು ಬೀಬಿಯ ಜೊತೆ ಬಂದ ಗುಮಾಸ್ತ. ಆತ ಸೇಡಂ ಕಡೆಯವನು, ಕನ್ನಡ ಬಲ್ಲವನು. ಬೀಬಿಗೆ ಬೇಕಾದಾಗ ಅಲ್ಲಿಂದಲೇ ಅರ್ಥ ಹೇಳುವುದು, ಹೇಳಿಕೆ ಬರೆಯುವುದು ಅವನ ಕೆಲಸ. ವಕೀಲರ ಮನೆಯಿಂದ ಕುರ್ಚಿ ತರಿಸಿದ್ದೆವು. ಬೀಬಿ ಬಂದು, ಬೂಟು ಬಾಗಿಲಲ್ಲೇ ಬಿಟ್ಟು, ಕುರ್ಚಿಯಲ್ಲಿ ಕೂತರು. ಬಿಗಿಯಾದ ಮುಖ. ನಗು ಇರಲಿಲ್ಲ.

ಮೊದಲು ಹುಡುಗಿಯರ ಪರೀಕ್ಷೆ. ಒಬ್ಬೊಬ್ಬಳೂ ತನ್ನ ಕಲ್ಲಿನ ಮೇಲೆ ಬರೆದಳು. ಬೀಬಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಸಾಲು ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ ಭಾಷೆ ಯಾಕೆ? ಅತ್ತೆಯವರ ಹಾಗೆಯೇ ಅವರೂ ಬಗ್ಗಿ ಬಗ್ಗಿ ನೋಡಿದರು. ಗೌಡ್ತಿಯ ಮಗಳ ಹತ್ತಿರ ನಿಂತು ತಲೆದೂಗಿದರು. ನನ್ನ ಎದೆ ಹಗುರಾಯಿತು.

ಆಮೇಲೆ ಹೇಳಿಕೆ. ಅಧ್ಯಕ್ಷರೆಂದು ಅತ್ತೆಯವರು ಮೊದಲು ನಿಂತರು. ಜಮಖಾನೆಯ ಆಚೆಯಿಂದ ಗುಮಾಸ್ತ ಕೇಳಿದ:

"ಹೆಸರು?"

ಅತ್ತೆಯವರು ತಮ್ಮ ಹೆಸರು ಹೇಳಿದರು. ಆ ಮನೆಯಲ್ಲಿ ಇಷ್ಟು ದಿನ ಇದ್ದರೂ ನನಗೆ ಅದು ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಅತ್ತೆ, ಅಕ್ಕ, ಕಾಕು.

"ಗಂಡನ ಹೆಸರು?"



ಉದ್ದೇಶ, ಪುಸ್ತಕ, ಜೋಳದ ಗಡಿಗೆ, ಎಲ್ಲಕ್ಕೂ ಉತ್ತರ ಕಲಿತಿದ್ದೆವು. ಈ ಪ್ರಶ್ನೆ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ, ಮಾವನವರಿಗೂ ಕೂಡ. ಕಚೇರಿಯ ಕಟ್ಟೆಯ ಮೇಲೆ ಅವರು ಹೆಂಗಸರ ಅರ್ಜಿ ಬರೆಯುವಾಗ ಗಂಡನ ಹೆಸರು ಹೇಳುವವರು ಯಾವಾಗಲೂ ಜೊತೆಗೆ ಬಂದ ತಮ್ಮನೋ ಮೈದುನನೋ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆ ಎಂದು ನಂಬಿದವರು ನಾವು. ದೇವರ ಹೆಸರೇ ಗಂಡನದ್ದೂ ಆಗಿದ್ದರೆ ಆ ದೇವರನ್ನೂ ಬೇರೆ ಹೆಸರಿಂದ ಕರೆಯುವವರು.

"ಹೇಳ್ರಿ ಬಾಯಿ," ಎಂದ ಗುಮಾಸ್ತ.

ಅತ್ತೆಯವರು ಸೆರಗು ಎಳೆದುಕೊಂಡರು. ಹೊರಗೆ ಮಾವನವರು ತಡವರಿಸಿದರು: "ಅದು ನಾನ ಹೇಳತೀನಿ, ನನ್ನ ಹೆಸರಽ ಅಲ್ಲೇನು..."

"ನೀವು ಹೇಳಂಗಿಲ್ಲ ರಾಯರ. ನನಗೂ ಗೊತ್ತದ, ನನ್ನ ಹೇಣ್ತಿನೂ ಹೇಳಂಗಿಲ್ಲ. ಆದ್ರ ಖುದ್ದು ಅವರ ಬಾಯಿಲೇ ಅಂತ ಹುಕುಂ ಅದ. ಕಾಗದದಾಗಿನ ಇದೊಂದು ಖಾನಿ ನೀವು ತುಂಬಿಸಿದ್ರಿ ಅಂದ್ರ, ಎಲ್ಲಾ ನೀವಽ ತುಂಬಿಸೀರಿ ಅಂತಾರ ಮ್ಯಾಲಿನವರು."

ಬೀಬಿ ಉರ್ದುವಿನಲ್ಲಿ ಏನೋ ಕೇಳಿದರು. ತಡವೇಕೆ, ಈ ಬಾಯಿಗೆ ಗೊತ್ತಿಲ್ಲವೇ, ಎಂದಿರಬೇಕು. ಮಸಿಯ ದೌತಿ ಮುಚ್ಚುವ ಸದ್ದು ಕೇಳಿತು. ನಾನು ಫರಸಿಗಳನ್ನು ನೋಡಿದೆ. ಹುಡುಗಿಯರು ಬರೆದ ಅಕ್ಷರ ಇನ್ನೂ ಅಲ್ಲೇ ಇದ್ದವು. ನಾಳೆ ಇವುಗಳ ಮೇಲೆ ಮತ್ತೆ ಸಂಡಿಗೆ ಎಂದುಕೊಂಡೆ.

ಆಗ ಹಿಂದಿನಿಂದ ಗೌಡ್ತಿ, ಎಮ್ಮೆ ಕರೆಯುವ ದನಿಯಲ್ಲಿ:

"ಅಕ್ಕಾರ, ಮದಿವ್ಯಾಗಿ ಮನಿ ತುಂಬೂ ಮುಂದ ನಾದಿನಿ ಬಾಗಲಾ ತಡದಿದ್ಲಿಲ್ಲ? ಹೆಸರ ಹೇಳಿ ಒಳಗ ಬಾ ಅಂದಿದ್ಲಿಲ್ಲ? ಹೇಳಿರಿಲ್ಲ ಅವತ್ತ? ಇವತ್ತ ಸರಕಾರ ಬಾಗಲಾ ತಡದದ ಅಂತ ತಿಳೀರಿ. ಒಡಪು ಹಾಕ್ರಿ!"

ಒಡಪು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಆದರೆ ಎರಡು ಸಾಲು ಕಟ್ಟಿ, ಅದರ ಕೊನೆಗೆ ಸೇರಿಸಿದರೆ ದೋಷವಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹಟ ಹಿಡಿದು ಹೇಳಿಸುತ್ತಾರೆ. ಸರಕಾರದ ಮುಂದೆ ಹೇಳಿದವರಿಲ್ಲ.

ಅತ್ತೆಯವರು ನೆಲ ನೋಡಿದರು. ಗೌಡ್ತಿಯ ಮಗಳು ಬರೆದ ಸಾಲಿನ ಮೇಲೆ ಅವರ ಕಣ್ಣು ನಿಂತಿತು. ಆಮೇಲೆ ತಲೆ ಎತ್ತಿ, ಹಾಡಿನ ಹಾಗೆ ಎಳೆಯದೆ, ನೆಟ್ಟಗೆ ಹೇಳಿದರು:

"ಕಲ್ಲಿನ ಮ್ಯಾಲ ಬರದ ಅಕ್ಷರ ನೀರ ಹಾಕಿದ್ರ ಹೋಗತದ,
ಎದಿಯೊಳಗ ಬರದ ಹೆಸರು ಸರಕಾರ ಕೇಳಿದ್ರ ಬರತದ..."

ಕೊನೆಗೆ ಮಾವನವರ ಹೆಸರು, ರಾಯರು ಎಂದು ಸೇರಿಸಿ.

ಜಮಖಾನೆಯ ಆಚೆ ಮಾವನವರಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಗುಮಾಸ್ತನೇ ನೀರು ಕೊಡ್ರಿ ಎಂದು ಕೂಗಬೇಕಾಯಿತು. ಆಮೇಲೆ ಲೇಖಣಿ ಕರಕರ ಎಂದಿತು.

"ಬರದೆ. ಮುಂದಿನವರು?"

ಗೌಡ್ತಿ ಸೀರೆ ಕಚ್ಚೆ ಸರಿಮಾಡಿಕೊಂಡು ಎದ್ದಳು.

"ತೊಗರಿ ಹೊಲದಾಗ ಹಾರತಾವ ಹಸರ ಗಿಣಿ,
ಗೌಡರ ಹೆಸರ ಕೇಳಾಕ ಬಂದಾಳ ಪಟ್ಟಣದ ರಾಣಿ..."

ಏನಂದಳು ಎಂದು ಬೀಬಿ ಖಾಲಾ ಕಡೆ ತಿರುಗಿದರು. ಖಾಲಾ ಬಾಗಿಲ ಪಕ್ಕದಿಂದ ಉರ್ದುವಿನಲ್ಲಿ ಬಿಡಿಸಿ ಹೇಳಿದಳು. ಪಟ್ಟಣದ ರಾಣಿ ಎಂದಾಗ ಬೀಬಿಯ ಬಿಗಿದ ತುಟಿ ಸಡಿಲಾಯಿತು. ಅಕ್ಕಸಾಲಿಗರಾಕೆ ಮೂಗುತಿಯ ಮೇಲೆ ಹೇಳಿದಳು. ಚಿಂಚೋಳಿಯಾಕೆ ಅರ್ಧ ತೆಲುಗಿನಲ್ಲಿ, ಬೆಲ್ಲದ ಮೇಲೆ ಹೇಳಿದಳು. ಖಾಲಾಳ ಸರದಿ ಬಂದಾಗ ಆಕೆ, "ಮುನ್ನಿ ಕೇ ಅಬ್ಬಾ," ಎಂದಳು ಅಷ್ಟೇ. ಅವರಲ್ಲೂ ಹಾಗೇ, ಮುನ್ನಿಯ ಅಪ್ಪ ಎನ್ನುವುದೇ ಹೆಸರು.

"ಮುನ್ನಿಯ ಅಪ್ಪಗ ಹೆಸರಿಲ್ಲೇನು ಖಾಲಾ?" ಎಂದ ಗುಮಾಸ್ತ. ಅವನಿಗೂ ಈಗ ಹುರುಪು ಬಂದಿತ್ತು.

"ಅದ. ನೀ ಏನು ಫುಕಟ ಕೇಳತೀಯ?" ಎಂದು ಖಾಲಾ ಗಂಟಲು ಸರಿಮಾಡಿಕೊಂಡಳು. ನಮ್ಮ ಮದುವೆಗಳಲ್ಲಿ ಬಾಗಿಲಲ್ಲಿ ನಿಂತು ಎಷ್ಟು ಒಡಪು ಕೇಳಿದ್ದಳೋ!

"ರೊಟ್ಟಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಸಕ್ಕರಿ,
ಸಾಲಿ ಉಳಿಯೂದಾದ್ರ ಒಮ್ಮೆ ಹೇಳತೀನಿ, ಬರಕೋರಿ..."

ಹುಡುಗಿಯರು ಚಪ್ಪಾಳೆ ಹೊಡೆದರು. ಬೀಬಿ ತಡೆಯಲಿಲ್ಲ.

ಕೊನೆಗೆ ನಾನು. ಅತ್ತೆ ಪಕ್ಕದಲ್ಲಿ, ಮಾವ ಜಮಖಾನೆಯ ಆಚೆ, ನನ್ನ ವಿದ್ಯಾರ್ಥಿನಿಯರು ಸುತ್ತಲೂ. ದೂರ ಸ್ಟೇಷನ್ನಿನಲ್ಲಿ ಗಾಡಿ ಕೂಗಿತು. ಅದೇ ದಾರಿ ತೋರಿಸಿತು.

"ವಾಡಿಯೊಳಗ ಗಾಡಿ ಬದಲಿ ಮಾಡತಾರ ಮಂದಿ ಎಲ್ಲಾ,
ನಾ ಹತ್ತಿದ ಗಾಡಿ ಒಂದಽ, ಅದನ ಬದಲಿ ಮಾಡಾಂಗಿಲ್ಲ..."

"ಅಬ್ಬಬ್ಬಾ, ನಮ್ಮ ಮಾಸ್ತರ್ತಿ!" ಎಂದು ಗೌಡ್ತಿ ನನ್ನ ಬೆನ್ನಿಗೆ ಗುದ್ದಿದಳು. ನೋವಾಯಿತು. ಆ ಗುದ್ದು ಇಂದಿಗೂ ನನಗೆ ಬಹುಮಾನವೇ.

ಉಳಿದ ಪ್ರಶ್ನೆಗಳು ನೀರು ಹರಿದಂತೆ ಹರಿದವು. ಅಪ್ಪಣೆಯಿಲ್ಲದೆ ಸಭೆ ಕೂಡುತ್ತೀರಾ ಎಂದಾಗ ಅತ್ತೆಯವರು, "ಸಭಾ ಮಾಡಂಗಿಲ್ಲರಿ, ಅರಿಷಿಣ-ಕುಂಕುಮಕ್ಕ ಕೂಡತೇವಿ. ಅದಕ್ಕೂ ಅಪ್ಪಣಿ ಬೇಕಂದ್ರ ಹೇಳ್ರಿ, ಶುಕ್ರವಾರಕ್ಕೊಂದು ಅರ್ಜಿ ಹಾಕತೇವಿ," ಎಂದರು. ಗುಮಾಸ್ತ ಅದನ್ನು ಬರೆಯಲಿಲ್ಲ. ಬೀಬಿ ಏಳುವಾಗ ಖಾಲಾ ಮೆಲ್ಲಗೆ ಏನೋ ಕೇಳಿದಳು, ಬೀಬಿ ಕೆನ್ನೆ ಕೆಂಪಾಗಿ ನಕ್ಕರು. ಏನೆಂದು ಆಮೇಲೆ ನಾನು ಕೇಳಿದೆ. "ನಿಮ್ಮ ಸಾಹೇಬರ ಹೆಸರು ನೀವು ಹೇಳತೀರೇನು ಅಂದೆ," ಎಂದಳು ಖಾಲಾ. "ತೋಬಾ, ನನ್ನ ಕೇಳಬ್ಯಾಡ ಅಂದ್ರು."

ಮಂಜೂರಿ ತಂದ ಜವಾನ ಅದನ್ನು ಅಧ್ಯಕ್ಷರ ಕೈಗೇ ಕೊಡಬೇಕೆಂದು ಬೀದಿಯಲ್ಲಿ ನಿಂತು ಅತ್ತೆಯವರ ಹೆಸರು ಹಿಡಿದು ಕೂಗಿದ. ಕಟ್ಟೆಯ ಮೇಲೆ ಕೂತಿದ್ದ ಮುದುಕರು ಆ ಹೆಸರಿನವರು ಈ ಓಣಿಯಲ್ಲಿ ಯಾರೂ ಇಲ್ಲ ಎಂದುಬಿಟ್ಟರು. ಅವನು ಹೊರಟೇ ಬಿಟ್ಟಿದ್ದ. ಅತ್ತೆಯವರು ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ಕೂಗಿದರು: "ಏ ತಮ್ಮಾ, ನಿಂದರು! ಅಕಿ ನಾನ."

ಷರತ್ತುಗಳು ಇದ್ದವು. ಉರ್ದುವನ್ನೂ ಕಲಿಸಬೇಕು, ಹೊರಗಿನವರ ಭಾಷಣ ಕೂಡದು, ಹಾಜರಿ ಇಡಬೇಕು, ವರ್ಷಕ್ಕೊಮ್ಮೆ ಕಮಿಟಿ ಖುದ್ದು ಹಾಜರಾಗಿ ಹೇಳಿಕೆ ಕೊಡಬೇಕು. ಉರ್ದುವಿಗೆ ಖಾಲಾ ಇದ್ದಳು. ಅವಳ ಫರಸಿ ಬಾಗಿಲ ಪಕ್ಕದಿಂದ ನಡುಸಾಲಿಗೆ ಬಂತು. ಅತ್ತೆಯವರೇ ಅಲ್ಲಿ ಚಾಪೆ ಹಾಕಿದರು. ಮರುವರ್ಷ ತಪಾಸಣೆಗೆ ಬಂದ ಬೀಬಿ ಕುರ್ಚಿ ಬೇಡವೆಂದು ಕಲ್ಲಿನ ಮೇಲೇ ಕೂತರು. ಗುಮಾಸ್ತ ಹೇಳಿಕೆಯ ಕಾಗದ ಬಿಚ್ಚಿದ ಕೂಡಲೇ, ಹಳೆಯ ಒಡಪು ನಡೆಯುವುದಿಲ್ಲ, ಹೊಸದು ಬೇಕು ಎಂದು ಬೀಬಿಯ ಮಾತನ್ನು ಅರ್ಥಮಾಡಿ ಹೇಳಿದ. ನಾವು ತಯಾರಾಗಿಯೇ ಇದ್ದೆವು. ತಪಾಸಣೆಯ ತಿಂಗಳು ಬಂತೆಂದರೆ ಓಣಿಯ ಹೆಂಗಸರೆಲ್ಲ ಬೀಸುವಾಗ, ಕಾಳು ಹಸನ ಮಾಡುವಾಗ ಒಡಪು ಕಟ್ಟುತ್ತಿದ್ದರು. ನಾಲವಾರ, ಶಹಾಬಾದಿನ ಬೀಗರು ಬಂದರೂ ನಮ್ಮ ಶಾಲೆಯ ತಪಾಸಣೆಯ ಸುದ್ದಿ ಕೇಳುತ್ತಿದ್ದರು. ಮಂದಿಯನ್ನು ಹಿಡಿದಿಡಲಿಕ್ಕೆ ಮಾಡಿದ ಕಾಯದೆ ನಮ್ಮ ಪಡಸಾಲೆಯಲ್ಲಿ ಹೀಗಾಯಿತು.

ಮುಂದೆ ಊರಿನ ಗಾಳಿ ಕೆಟ್ಟ ದಿನಗಳೂ ಬಂದವು. ಕೆಲವು ತಿಂಗಳು ಬಾಗಿಲು ಹಾಕಿದೆವು. ಖಾಲಾ ಮತ್ತು ಗೌಡ್ತಿ ಹಿತ್ತಿಲ ಬಾಗಿಲಿನಿಂದ ಒಬ್ಬರಿಗೊಬ್ಬರು ಹಿಟ್ಟು-ಹಾಲು ದಾಟಿಸುತ್ತಿದ್ದರು. ಸಂಸ್ಥಾನ ಹೋಗಿ ಹೊಸ ಸರಕಾರ ಬಂದ ಮೇಲೆ ಮತ್ತೆ ನೀರು ಹಾಕಿ ಕಲ್ಲು ತೊಳೆದು ಶಾಲೆ ತೆರೆದೆವು. ಜಮಖಾನೆ ಮತ್ತೆ ಕಟ್ಟಲಿಲ್ಲ. ಹೊಸ ತಪಾಸಣಾಧಿಕಾರಿ ಗಂಡಸು, ಹರೆಯದವ, ಸೈಕಲ್ಲಿನ ಮೇಲೆ ಬಂದ. ಐವರೂ ಜರತಾರಿ ಸೀರೆ ಉಟ್ಟು ಸಾಲಾಗಿ ಕೂತಿದ್ದರು. ಆತ ಹಾಜರಿ ನೋಡಿದ, ಹುಡುಗಿಯರ ಅಕ್ಷರ ನೋಡಿದ, ಭಾಳ ಛಲೋ ಎಂದ, ಸಹಿ ಹಾಕಿ ಎದ್ದ.

"ಕಮಿಟಿಯವರ ಹೇಳಿಕೆ?" ಎಂದರು ಅತ್ತೆಯವರು.

"ಹೆಸರು ಕಾಗದದಾಗ ಅವಲ್ರಿ ಅಮ್ಮಾರ. ಈಗ ಅದೆಲ್ಲಾ ಬೇಕಾಗಿಲ್ಲ."

"ಬೇಕಾಗಿಲ್ಲಂದ್ರ?" ಅತ್ತೆಯವರ ಮುಖ ಇಳಿಯಿತು. "ಇದೆಂಥಾ ತಪಾಸಣಿ? ನಿಜಾಮನ ಸರಕಾರಕ್ಕ ನಾವು ಯಾರಂತ ಬೇಕಿತ್ತು, ನಮ್ಮ ಸರಕಾರಕ್ಕ ಬ್ಯಾಡೇನು?"

ಅಷ್ಟರಲ್ಲಿ ಗೌಡ್ತಿ ಎದ್ದು ಹೋಗಿ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಿದ್ದಳು, ನಾದಿನಿ ನಿಂತಂತೆ. "ಕುಂದರ್ರಿ ಸಾಹೇಬರ. ಕೇಳಿ ಹೋಗ್ರಿ."

ಆತ ಅವಳ ತೋಳು ನೋಡಿದ, ತನ್ನ ಸೈಕಲ್ಲು ನೋಡಿದ, ಸುಮ್ಮನೆ ತಿರುಗಿ ಬಂದು ಫರಸಿಯ ಮೇಲೆ ಕೂತ. ಲೇಖಣಿ ತೆಗೆದ. ಅತ್ತೆಯವರು ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು. ಈಗ ನಡುವೆ ಮರೆಯಿಲ್ಲದೆ ಅದೇ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ ಮಾವನವರು, ಕೆಮ್ಮು ಬರುವ ಮುನ್ನವೇ, ನೀರಿನ ತಂಬಿಗೆಯನ್ನು ಹತ್ತಿರ ಎಳೆದುಕೊಂಡರು.